ಸಭೆಯ ಹಾಡನ್ನು ಸಭೆಯೇ ಕಟ್ಟಲಿ: ಕೂಡಿ ಹಾಡು ಬರೆಯುವ ಒಂದು ಸಂಜೆಯ ತಯಾರಿ

ಭಾನುವಾರದ ಆರಾಧನೆಯಲ್ಲಿ ಹೊಸ ಹಾಡು ಶುರುವಾದಾಗ ಏನಾಗುತ್ತದೆಂದು ಗಾಯನ ತಂಡದಲ್ಲಿರುವವರೆಲ್ಲ ಬಲ್ಲರು. ಮುಂದೆ ನಿಂತ ಐದಾರು ಜನ ಮನತುಂಬಿ ಹಾಡುತ್ತಾರೆ. ಬೆಂಚಿನಲ್ಲಿ ಕೂತವರು ಪರದೆಯ ಮೇಲಿನ ಅಕ್ಷರ ಓದುತ್ತ ತುಟಿ ಆಡಿಸುತ್ತಾರೆ. ಎರಡನೆಯ ನುಡಿಯ ಹೊತ್ತಿಗೆ ಹಿರಿಯರು ಸುಮ್ಮನಾಗಿರುತ್ತಾರೆ. ಮುಂದಿನ ವಾರ ಇನ್ನೊಂದು ಹೊಸ ಹಾಡು, ಮತ್ತೆ ಅದೇ ಮೌನ. ‘ನಮ್ಮ ಜನರಿಗೆ ಹಾಡೋ ಆಸಕ್ತಿನೇ ಇಲ್ಲ’ ಎಂದು ತಂಡದವರು ಬೇಸರ ಪಡುತ್ತಾರೆ. ಆದರೆ ಅದೇ ಜನ ಮನೆಯ ಪ್ರಾರ್ಥನಾ ಕೂಟದಲ್ಲಿ ಹಳೆಯ ಕೀರ್ತನೆಯೊಂದನ್ನು ಪುಸ್ತಕವಿಲ್ಲದೆ ಕೊನೆಯ ನುಡಿಯವರೆಗೆ ಹಾಡುತ್ತಾರೆ. ಅವರಲ್ಲಿ ಆಸಕ್ತಿ ಇದೆ. ಹೊಸ ಹಾಡಿನಲ್ಲಿ ಅವರ ಬಾಯಿಗೆ ಹತ್ತುವ ಮಾತಿಲ್ಲ.

ಈ ತೊಡಕಿಗೆ ನಾನು ನಂಬಿರುವ ಪರಿಹಾರ ಒಂದೇ. ವರ್ಷಕ್ಕೆ ಎರಡು ಮೂರು ಹಾಡುಗಳನ್ನಾದರೂ ಸಭೆಯವರೇ ಕೂಡಿ ಕಟ್ಟಬೇಕು. ಅದಕ್ಕೆ ಕವಿಗಳು ಬೇಕಿಲ್ಲ, ಸ್ಟುಡಿಯೋ ಬೇಕಿಲ್ಲ. ಒಂದು ಸಂಜೆ, ಒಂದು ಹಾರ್ಮೋನಿಯಂ, ಹತ್ತು ಹನ್ನೆರಡು ಜನ, ಮತ್ತು ಕೆಳಗೆ ಹೇಳುವ ಒಂದು ಕ್ರಮ ಸಾಕು. ಧಾರವಾಡದ ಲಕಮನಹಳ್ಳಿಯಂಥ ಬಡಾವಣೆಯ ಸಣ್ಣ ಸಭೆಯನ್ನು ಕಣ್ಣೆದುರು ಇಟ್ಟುಕೊಂಡು ಇದನ್ನು ಬರೆದಿದ್ದೇನೆ. ಕೈಗಾರಿಕಾ ಪ್ರದೇಶದ ಪಾಳಿ ಕೆಲಸದವರು, ಕಾಲೇಜು ಹುಡುಗರು, ಹಳ್ಳಿಯಿಂದ ಬಂದು ನೆಲೆನಿಂತ ಹಿರಿಯರು ಒಂದೇ ಬೆಂಚಿನಲ್ಲಿ ಕೂರುವ ಸಭೆ ಅದು.

ಈ ನೆಲದಲ್ಲಿ ಇದು ಹೊಸದಲ್ಲ

ಬಾಸೆಲ್ ಮಿಶನ್ ಧಾರವಾಡಕ್ಕೆ ಬಂದದ್ದು 1837ರಲ್ಲಿ. ಆ ಮಿಶನರಿಗಳು ತಮ್ಮ ನಾಡಿನ ರಾಗಗಳನ್ನು ತಂದು, ಅವುಗಳಿಗೆ ಕನ್ನಡ ಮಾತು ಜೋಡಿಸಿದರು. ಆದರೆ ಅವರಲ್ಲೇ ಒಬ್ಬರಾದ ಫರ್ಡಿನಂಡ್ ಕಿಟೆಲ್ ಬೇರೆ ದಾರಿ ಹಿಡಿದರು. 1853ರಲ್ಲಿ ಭಾರತಕ್ಕೆ ಬಂದ ಅವರು 1862ರಲ್ಲಿ ‘ಕಥಾಮಾಲೆ’ಯನ್ನು ಪ್ರಕಟಿಸಿದರು. ಯೇಸುವಿನ ಚರಿತ್ರೆಯನ್ನು ಈ ದೇಶದ ಛಂದಸ್ಸಿನಲ್ಲೇ ಹೇಳಿದ ಕೃತಿ ಅದು. 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿದವರೂ ಅವರೇ. 1894ರ ನಿಘಂಟಿನಿಂದ ಮಾತ್ರ ಅವರನ್ನು ನೆನೆಯುವ ನಾವು ಈ ಕೆಲಸವನ್ನೂ ನೆನೆಯಬೇಕು. ಧಾರವಾಡದಲ್ಲೇ ಹುಟ್ಟಿದ ರೆವರೆಂಡ್ ಉತ್ತಂಗಿ ಚನ್ನಪ್ಪನವರು ಸಭಾಪಾಲಕರಾಗಿದ್ದುಕೊಂಡೇ ಸರ್ವಜ್ಞನ ತ್ರಿಪದಿಗಳನ್ನು ಊರೂರು ತಿರುಗಿ ಕೂಡಿಸಿ 1924ರಲ್ಲಿ ಹೊರತಂದರು. 1949ರಲ್ಲಿ ಕಲಬುರ್ಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಕ್ರೈಸ್ತ ಆರಾಧನೆಗೂ ಕನ್ನಡದ ಹಾಡಿನ ನಡಿಗೆಗೂ ದೂರವಿಲ್ಲ ಎನ್ನುವುದಕ್ಕೆ ಈ ಇಬ್ಬರೇ ಸಾಕು.

ಮಾತು ಮೊದಲು, ರಾಗ ಆಮೇಲೆ: ಯಾಕೆ?

ಗಿಟಾರ್ ಹಿಡಿದು ಕಾರ್ಡ್ ನುಡಿಸುತ್ತ, ಅದರ ಮೇಲೆ ಮಾತು ಹುಡುಕುವುದು ಈಗಿನ ರೂಢಿ. ಇಂಗ್ಲಿಷಿಗೆ ಅದು ಹೊಂದುತ್ತದೆ. ಆ ಭಾಷೆಯಲ್ಲಿ ಸಾಲು ಬಹಳ ಸಲ ಹಗುರ ಅಕ್ಷರದಿಂದ ಶುರುವಾಗಿ ಎರಡನೆಯದರ ಮೇಲೆ ಒತ್ತು ಹಾಕುತ್ತದೆ. ಕನ್ನಡದ ಮಾತು ಮೊದಲ ಅಕ್ಷರದಲ್ಲೇ ಕಾಲೂರುತ್ತದೆ. ಅಲ್ಲದೆ ನಮ್ಮಲ್ಲಿ ಹ್ರಸ್ವ, ದೀರ್ಘಗಳಿಂದ ಅರ್ಥವೇ ಬದಲಾಗುತ್ತದೆ. ‘ಮನ ಕೊಡು’ ಎಂಬಲ್ಲಿ ಮೊದಲ ಅಕ್ಷರವನ್ನು ರಾಗಕ್ಕಾಗಿ ಎಳೆದರೆ ‘ಮಾನ ಕೊಡು’ ಎಂದು ಕೇಳಿಸುತ್ತದೆ. ಪರದೆಯ ಮೇಲೆ ಸರಿಯಾಗಿಯೇ ಬರೆದಿರುತ್ತದೆ, ಕಿವಿಗೆ ಮಾತ್ರ ಬೇರೆ ಬೀಳುತ್ತದೆ. ಹಿರಿಯರು ಹಾಡು ಬಿಡುವುದು ಇಂಥ ಕಡೆಯಲ್ಲೇ. ಅವರು ಓದಿ ಹಾಡುವವರಲ್ಲ, ಕೇಳಿ ಹಾಡುವವರು.

ಮಾತಿನಿಂದ ಹೊರಟರೆ ಈ ತೊಂದರೆ ಹುಟ್ಟುವುದೇ ಇಲ್ಲ. ಆಡುಮಾತಿನಲ್ಲೇ ತಾಳ ಅಡಗಿರುತ್ತದೆ, ಅದನ್ನು ಕೇಳಿಸಿಕೊಳ್ಳುವುದಷ್ಟೇ ನಮ್ಮ ಕೆಲಸ.

ಕೂಡಿ ಯಾಕೆ ಬರೆಯಬೇಕೆಂದರೆ, ಮಾತು ಬಲ್ಲವರು, ರಾಗ ಬಲ್ಲವರು, ವೇದವಾಕ್ಯ ಬಲ್ಲವರು ಒಬ್ಬರೇ ಆಗಿರುವುದು ಅಪರೂಪ. ಕಟ್ಟುವಾಗ ಕೂಡ ಇದ್ದವರಿಗೆ ಹಾಡು ಕಲಿಸುವ ಕೆಲಸವೂ ಉಳಿಯುವುದಿಲ್ಲ. ಹನ್ನೆರಡು ಜನ ಕಟ್ಟಿದ ಹಾಡಿಗೆ ಭಾನುವಾರ ಹನ್ನೆರಡು ಬೆಂಚುಗಳಿಂದ ದನಿ ಏಳುತ್ತದೆ.

ಮಾತ್ರೆ ಎಣಿಸಲು ಕಲಿಯಿರಿ

ಇಡೀ ಸಂಜೆಗೆ ಬೇಕಾದ ವಿದ್ಯೆ ಇದೊಂದೇ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ. ಹೈಸ್ಕೂಲಿನಲ್ಲಿ ಕಲಿತ ಲಘು ಗುರು ನೆನಪಿದ್ದರೆ ಸಾಕು. ಹ್ರಸ್ವಾಕ್ಷರಕ್ಕೆ ಒಂದು ಮಾತ್ರೆ. ದೀರ್ಘಾಕ್ಷರಕ್ಕೆ, ಸೊನ್ನೆ ಇರುವ ಅಕ್ಷರಕ್ಕೆ, ಒತ್ತಕ್ಷರದ ಹಿಂದಿನ ಅಕ್ಷರಕ್ಕೆ ಎರಡು.

ಮಳೆಯ ಮೇಲೆ ಹಾಡು ಕಟ್ಟಲು ಕೂತಿದ್ದೀರಿ ಎಂದುಕೊಳ್ಳಿ. ನಮ್ಮ ಕಡೆ ಮುಂಗಾರು ತಡವಾಗಿ ಕೊನೆಗೂ ಸುರಿದ ದಿನ ಯಾರಾದರೂ ಸಹಜವಾಗಿ ಆಡುವ ಮಾತು: ‘ಮಳಿಯಾತು, ಜೀವಕ್ಕ ತಂಪಾತು.’ ಇದನ್ನು ಎಣಿಸಿ. ‘ಮಳಿಯಾತು’ ಐದು ಮಾತ್ರೆ. ‘ಜೀವಕ್ಕ’ ಐದು. ‘ತಂಪಾತು’ ಐದು. ಯಾರೂ ಪದ್ಯ ಬರೆಯಲು ಕೂತಿರಲಿಲ್ಲ, ಮಾತೇ ಐದರ ನಡೆಯಲ್ಲಿ ಬಂತು. ಅದಕ್ಕೆ ‘ಕರ್ತನೇ’ ಸೇರಿಸಿ, ಅದೂ ಐದು:

ಮಳಿಯಾತು ಜೀವಕ್ಕ ತಂಪಾತು ಕರ್ತನೇ

ಒಟ್ಟು ಇಪ್ಪತ್ತು ಮಾತ್ರೆ. ಝಪ್ ತಾಲದ ಒಂದು ಆವರ್ತನಕ್ಕೆ ಹತ್ತು ಮಾತ್ರೆ, 2+3+2+3 ಎಂದು ಅದರ ವಿಭಾಗ. ಮಳಿ–ಯಾತು, ಜೀ–ವಕ್ಕ, ತಂ–ಪಾತು, ಕರ್–ತನೇ: ಪ್ರತಿ ಪದವೂ ಎರಡು ಮತ್ತು ಮೂರಾಗಿ ಒಡೆಯುತ್ತದೆ. ಈ ಸಾಲಿಗೆ ತಬಲದವರು ಬೇರೆ ತಾಳ ಹುಡುಕಬೇಕಿಲ್ಲ.

ಈಗ ಮೊದಲಿಗೆ ‘ಇಂದು’ ಎಂಬ ಪದ ಸೇರಿಸಿ ಹೇಳಿ ನೋಡಿ: ಇಂದು ಮಳಿಯಾತು ಜೀವಕ್ಕ ತಂಪಾತು. ಮೂರು ಮಾತ್ರೆಯ ಪದ ಐದರ ನಡಿಗೆಗೆ ಅಡ್ಡ ಬಂತು, ನಾಲಿಗೆ ಎಡವಿತು. ಅರ್ಥದಲ್ಲಿ ತಪ್ಪಿಲ್ಲ, ವ್ಯಾಕರಣದಲ್ಲಿ ತಪ್ಪಿಲ್ಲ, ಹಾಡಿನಲ್ಲಿ ಮಾತ್ರ ತಪ್ಪು. ಸಭೆ ಎಡವುವುದೂ ಇಲ್ಲೇ.

ಉಳಿದ ನಡೆಗಳನ್ನು ಹೀಗೆ ಗುರುತಿಸಿಕೊಳ್ಳಿ:

– ಮೂರರ ನಡೆ: ‘ಬೆಳಕು ಬಂತು ಮನಿಯ ಒಳಗ.’ ಪ್ರತಿ ಪದಕ್ಕೂ ಮೂರು ಮಾತ್ರೆ. ಆರು ಮಾತ್ರೆಯ ದಾದರಾ ಇದಕ್ಕೆ ಸರಿ. ಕ್ರಿಸ್ಮಸ್ ಹಾಡಿಗೆ, ಮಕ್ಕಳ ಹಾಡಿಗೆ ಒಪ್ಪುತ್ತದೆ.

– ನಾಲ್ಕರ ನಡೆ: ‘ಹಸಿದವ ಬಂದರೆ ಬಾಗಿಲ ತೆರೆಯಿರಿ.’ ಎಂಟು ಮಾತ್ರೆಯ ಕೆಹರವಾ. ಢೋಲಕ್ ಹೊಡೆಯುವ ಯಾವ ಹುಡುಗನಿಗೂ ಇದು ಬರುತ್ತದೆ. ಮೊದಲ ಸಂಜೆಗೆ ನಾನು ಹೇಳುವುದು ಇದನ್ನೇ.

– ಮೂರು ನಾಲ್ಕರ ನಡೆ: ‘ಮಳಿಯ ಕಳಿಸಿದಿ, ಮಣ್ಣ ತಣಿಸಿದಿ, ನಮ್ಮ ಹೊಲಗಳ ನೆನೆದಿ ಕರ್ತನೆ.’ ಭಾಮಿನಿ ಷಟ್ಪದಿಯ ನಡಿಗೆ ಇದು. ಏಳು ಮಾತ್ರೆಯ ರೂಪಕ, ಇಲ್ಲವೇ 3+4+3+4 ಎಂದು ಸಾಗುವ ಹದಿನಾಲ್ಕರ ದೀಪಚಂದಿ. ಪಶ್ಚಾತ್ತಾಪ, ಕೃತಜ್ಞತೆಯಂಥ ಆಳದ ಭಾವಕ್ಕೆ ಇದರಷ್ಟು ಒಳ್ಳೆಯ ನಡೆ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ತಬಲದವರಿಗೆ ಪಳಗಿದ ಕೈ ಬೇಕು.

ಕರೆಯುವ ಪದಗಳಲ್ಲಿ ಒಂದು ಅನುಕೂಲವಿದೆ. ‘ಕರ್ತನೆ’ ಎಂದರೆ ನಾಲ್ಕು ಮಾತ್ರೆ, ‘ಕರ್ತನೇ’ ಎಂದರೆ ಐದು. ಕೂಗಿ ಕರೆಯುವಾಗ ಎರಡೂ ಸಹಜ. ಸಾಲು ಒಂದು ಮಾತ್ರೆ ಕಡಿಮೆ ಬಿದ್ದಾಗ ಮೊದಲು ಇಲ್ಲಿ ನೋಡಿ.

ಪ್ರಾಸದ ಬಗ್ಗೆಯೂ ಒಂದು ಮಾತು. ‘ಪ್ರೀತಿಸಿದೆ, ರಕ್ಷಿಸಿದೆ, ಪೋಷಿಸಿದೆ’ ಎಂದು ಕ್ರಿಯಾಪದದ ಬಾಲ ಹೊಂದಿಸುವುದು ಸುಲಭ, ಆದ್ದರಿಂದಲೇ ಅದು ಸಪ್ಪೆ. ಕನ್ನಡದ ಹಳೆಯ ಪ್ರಾಸ ಸಾಲಿನ ಎರಡನೆಯ ಅಕ್ಷರದಲ್ಲಿದೆ, ಅದನ್ನು ಪದಗಳ ನಡುವೆಯೂ ತರಬಹುದು. ಮೇಲಿನ ಸಾಲಿನ ‘ಮಳಿ–ಕಳಿ’, ‘ಮಣ್ಣ–ತಣಿ’ ಗಮನಿಸಿ. ಹಾಡುವವರ ನೆನಪಿನಲ್ಲಿ ಸಾಲನ್ನು ಹಿಡಿದಿಡುವುದು ಈ ಹೊಂದಿಕೆಯೇ.

ಎರಡು ವಾರ ಮೊದಲು

ವಿಷಯವನ್ನು ಸಭಾಪಾಲಕರೊಂದಿಗೆ ಕೂತು ಗೊತ್ತು ಮಾಡಿಕೊಳ್ಳಿ. ‘ದೇವರ ಪ್ರೀತಿ’ ಎಂಬಂಥ ದೊಡ್ಡ ವಿಷಯ ಬೇಡ, ಅದರ ಮೇಲೆ ಎಲ್ಲರೂ ಈಗಾಗಲೇ ಕೇಳಿದ್ದನ್ನೇ ಹೇಳುತ್ತಾರೆ. ವೇದಭಾಗ ಚಿಕ್ಕದಾಗಿರಲಿ, ಕಣ್ಣಿಗೆ ಕಾಣುವ ಚಿತ್ರವಿರಲಿ. ಮೊದಲ ಸಲಕ್ಕೆ 65ನೆಯ ಕೀರ್ತನೆಯ ಕೊನೆಯ ಐದು ವಚನಗಳು ಬಹಳ ಒಳ್ಳೆಯ ಆಯ್ಕೆ. ಮಳೆ, ನೇಗಿಲ ಸಾಲು, ಬೆಳೆ, ಕುರಿ ಹಿಂಡು ಎಲ್ಲವೂ ಅಲ್ಲಿವೆ, ಧಾರವಾಡದ ಸುತ್ತಿನ ಎರೆಭೂಮಿಯ ಜನಕ್ಕೆ ವಿವರಿಸಬೇಕಾದದ್ದು ಏನೂ ಇಲ್ಲ. ಕಣ್ಣೀರಿನಿಂದ ಬಿತ್ತಿ ಹಾಡುತ್ತ ಕೊಯ್ಯುವ 126ನೆಯ ಕೀರ್ತನೆಯೂ ಹಾಗೆಯೇ.

ಜನ ಹತ್ತರಿಂದ ಹದಿನೈದು. ಹೆಚ್ಚಾದರೆ ಮಾತಾಡುವವರೇ ಮಾತಾಡುತ್ತಾರೆ. ವಾದ್ಯದವರನ್ನು ಎಲ್ಲರೂ ಕರೆಯುತ್ತಾರೆ, ಅದಕ್ಕೆ ನಾನು ಹೇಳಬೇಕಿಲ್ಲ. ಹೇಳಬೇಕಾದದ್ದು ಬೇರೆಯವರ ಬಗ್ಗೆ. ಬೀಸುವ ಕಲ್ಲಿನ ಪದ, ಸೋಬಾನೆ ಪದ ಬಲ್ಲ ಹಿರಿಯ ಹೆಣ್ಣುಮಕ್ಕಳು ಇಬ್ಬರಾದರೂ ಇರಲಿ. ಗರತಿಯ ತ್ರಿಪದಿಗಳನ್ನು ಕೇಳಿ ಬೆಳೆದವರ ಕಿವಿಗೆ ಮಾತ್ರೆ ತಪ್ಪಿದ್ದು ಎಣಿಸದೆಯೇ ಗೊತ್ತಾಗುತ್ತದೆ. ಭಜನಾ ಮೇಳದಲ್ಲಿ ಕೂತ ಅನುಭವವಿರುವ ಗಂಡಸರು ಇದ್ದರೆ ಇನ್ನೂ ಒಳ್ಳೆಯದು. ಒಬ್ಬರು ಸೊಲ್ಲು ಎತ್ತಿ ಉಳಿದವರು ಹಿಡಿಯುವ ಕ್ರಮ ಅವರ ರಕ್ತದಲ್ಲಿದೆ. ಸಂಡೇ ಸ್ಕೂಲಿನ ದೊಡ್ಡ ಮಕ್ಕಳು ಇಬ್ಬರು ಮೂವರು ಇರಲಿ. ಹಾಡಲು ಬಾರದು ಎಂದು ಹೇಳಿಕೊಳ್ಳುವ ಒಬ್ಬರನ್ನು ಬೇಕೆಂದೇ ಕರೆಯಿರಿ, ಅವರಿಗೆ ಹಾಡಲು ಬಂದರೆ ಸಭೆಗೆ ಬರುತ್ತದೆ.

ದಿನ ಆರಿಸುವಾಗ ಪಾಳಿ ಕೆಲಸದವರನ್ನು ಕೇಳಿ. ಮಧ್ಯಾಹ್ನಕ್ಕೆ ಮೊದಲ ಪಾಳಿ ಮುಗಿಸಿ ಬರುವವರಿಗೆ ಶನಿವಾರ ಐದು ಗಂಟೆ ಅನುಕೂಲವಾಗಬಹುದು, ಎರಡನೆಯ ಪಾಳಿಯವರಿಗೆ ಭಾನುವಾರ ಮಾತ್ರ ಸಾಧ್ಯ. ಐದರಿಂದ ಎಂಟರವರೆಗೆ, ಮೂರು ಗಂಟೆ ಸಾಕು. ಹುಬ್ಬಳ್ಳಿ ಕಡೆಯಿಂದ ಬರುವವರಿದ್ದರೆ ಮರಳುವ ಬಸ್ಸಿನ ಹೊತ್ತು ಮೊದಲೇ ಕೇಳಿಟ್ಟುಕೊಳ್ಳಿ. ಹೆಣ್ಣುಮಕ್ಕಳು ರಾತ್ರಿ ಅಡುಗೆಯ ಚಿಂತೆಯಲ್ಲಿ ಅರ್ಧಕ್ಕೆ ಏಳಬಾರದು ಎಂದಿದ್ದರೆ ಊಟದ ಏರ್ಪಾಡನ್ನು ಗಂಡಸರು ವಹಿಸಿಕೊಳ್ಳಲಿ. ಇದು ಸಣ್ಣ ವಿಷಯವಲ್ಲ. ಸಭೆಯ ಅತಿ ಒಳ್ಳೆಯ ದನಿಗಳು ಎಷ್ಟೋ ಸಲ ಒಲೆಯ ಮುಂದೆ ಉಳಿದುಬಿಡುತ್ತವೆ.

ಬೇಕಾದ ಸಾಮಾನು: ಹಾರ್ಮೋನಿಯಂ (ಕರೆಂಟ್ ಹೋದರೂ ನಡೆಯುತ್ತದೆ), ಢೋಲಕ್ ಇಲ್ಲವೇ ತಬಲ, ಒಂದು ಗಿಟಾರ್, ಕರಿಹಲಗೆ ಅಥವಾ ಗೋಡೆಗೆ ಹಚ್ಚುವ ದೊಡ್ಡ ಕಾಗದ, ದಪ್ಪ ಪೆನ್ನು, ರೆಕಾರ್ಡ್ ಮಾಡಲು ಒಂದು ಫೋನ್, ಎರಡು ಸತ್ಯವೇದ. ಮೈಕ್ ಬೇಡ. ಮೈಕ್ ಹಿಡಿದವರ ದನಿಯೇ ಹಾಡಾಗಿಬಿಡುತ್ತದೆ, ಸುತ್ತಲಿನ ಮನೆಗಳಿಗೂ ತೊಂದರೆ. ಕುರ್ಚಿ ಸಾಲಾಗಿ ಹಾಕದೆ ಜಮಖಾನೆ ಹಾಸಿ ದುಂಡಗೆ ಕೂರಿ.

ಆ ಸಂಜೆಯ ಕ್ರಮ

1. ಪ್ರಾರ್ಥನೆ, ಓದು (20 ನಿಮಿಷ). ಆರಿಸಿದ ವೇದಭಾಗವನ್ನು ಮೂರು ಬೇರೆ ಬೇರೆ ದನಿಗಳು ನಿಧಾನವಾಗಿ ಓದಲಿ. ಒಂದು ಸಲ ಮಗು, ಒಂದು ಸಲ ಹಿರಿಯರು. ಪ್ರಸಂಗ ಬೇಡ.

2. ಮಾತು ಕೂಡಿಸುವುದು (30 ನಿಮಿಷ). ‘ಈ ಭಾಗದ ಅರ್ಥವೇನು?’ ಎಂದು ಕೇಳಬೇಡಿ, ಪಾಠವಾಗುತ್ತದೆ. ಬದುಕನ್ನು ಕೇಳಿ. ‘ಅಕ್ಕಾರ, ಹ್ವಾದ ವರ್ಷ ಮಳಿ ಹಿಂದಾದಾಗ ಮನ್ಯಾಗ ಏನ್ ಮಾತಾಡ್ಕೊಂಡ್ರಿ?’ ‘ಕಾಕಾರ, ಮೊದಲ್ನೇ ಮಳಿ ಬಿದ್ದಾಗ ಹೊಲದಾಗ ಏನ್ ಅನಸ್ತದ?’ ಬರುವ ಉತ್ತರವನ್ನು ಹಲಗೆಯ ಮೇಲೆ ಅವರ ಮಾತಿನಲ್ಲೇ ಬರೆಯಿರಿ. ಬರೆಯುವವರು ತಿದ್ದಿ ಪುಸ್ತಕದ ಕನ್ನಡ ಮಾಡಕೂಡದು. ಈ ಅರ್ಧ ಗಂಟೆಯಲ್ಲಿ ಯಾವ ಮಾತನ್ನೂ ತಳ್ಳಿಹಾಕಬೇಡಿ, ಸಭಾಪಾಲಕರೂ ತಡೆಯಬಾರದು. ಅವರ ಸರದಿ ಮುಂದಿದೆ.

3. ಪಲ್ಲವಿ ಆರಿಸುವುದು (20 ನಿಮಿಷ). ಹಲಗೆಯ ಮೇಲಿನ ಸಾಲುಗಳನ್ನು ಚಪ್ಪಾಳೆ ಹಾಕುತ್ತ ಎಲ್ಲರೂ ಕೂಡಿ ಹೇಳಿ. ಯಾವ ಸಾಲಿಗೆ ಕೈ ತಾನಾಗಿ ಕೂಡುತ್ತದೋ ಅದರಲ್ಲಿ ಪಲ್ಲವಿ ಇದೆ. ಎರಡು ಸಾಲು ಸಾಕು. ಈಗ ಮಾತ್ರೆ ಎಣಿಸಿ, ನಡೆ ಗೊತ್ತುಮಾಡಿ, ತಾಳ ಹಲಗೆಯ ಮೂಲೆಯಲ್ಲಿ ಬರೆಯಿರಿ. ಇನ್ನು ಮುಂದೆ ಅದು ಬದಲಾಗಬಾರದು.

4. ರಾಗ (30 ನಿಮಿಷ). ಸಾಲನ್ನು ಇನ್ನೂ ಹಾಡದೆ, ಭಾವ ತುಂಬಿ ದೊಡ್ಡದಾಗಿ ಹೇಳಿ. ದನಿ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಗಮನಿಸಿ. ಹಾರ್ಮೋನಿಯಂನವರು ಆ ಏರಿಳಿತವನ್ನೇ ಸ್ವರದಲ್ಲಿ ಹಿಡಿಯಲಿ. ಐದು ಸ್ವರದ ರಾಗದಿಂದ ಶುರುಮಾಡಿ. ಭೂಪ (ಸ ರೇ ಗ ಪ ಧ) ಅಥವಾ ದುರ್ಗಾ (ಸ ರೇ ಮ ಪ ಧ). ಗಾಯಕರಾದ ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನ್ಸೂರರ ಊರಿನ ಜನಕ್ಕೆ ಈ ರಾಗಗಳ ಹೆಸರು ಗೊತ್ತಿಲ್ಲದಿದ್ದರೂ ಕಿವಿಗೆ ಪರಿಚಯ ಇದ್ದೇ ಇರುತ್ತದೆ. ಸ್ವರ ಕಡಿಮೆಯಾದಷ್ಟೂ ಅಪಸ್ವರಕ್ಕೆ ಜಾಗ ಕಡಿಮೆ. ಗಿಟಾರಿನವರಿಗೂ ತೊಂದರೆಯಿಲ್ಲ. ಬಿಳಿ 2ರ ಸಾ ಇಟ್ಟು ಭೂಪ ಹಾಡಿದರೆ ಡಿ ಮೇಜರ್ ಮತ್ತು ಬಿ ಮೈನರ್ ಕಾರ್ಡುಗಳ ಎಲ್ಲ ಸ್ವರಗಳೂ ರಾಗದ ಒಳಗೇ ಇವೆ. ಆ ಎರಡರಿಂದಲೇ ಹಾಡು ಮುಗಿಸಬಹುದು. ಕರಿ 2ಕ್ಕೆ ಏರಿಸಬೇಕಾದರೆ ಗಿಟಾರಿನ ಮೊದಲ ಫ್ರೆಟ್ಟಿಗೆ ಕ್ಯಾಪೋ ಹಾಕಿ ಅದೇ ಬೆರಳಿನಲ್ಲಿ ನುಡಿಸಿ.

ಶ್ರುತಿಯ ವಿಷಯದಲ್ಲಿ ಹಟ ಬೇಡ. ಬಿಳಿ 2ರ ಸಾ ಇಟ್ಟು, ಮಂದ್ರ ಪಂಚಮದಿಂದ ತಾರ ಷಡ್ಜದೊಳಗೆ ಹಾಡನ್ನು ಕಟ್ಟಿದರೆ ಗಂಡಸರೂ ಹೆಂಗಸರೂ ತಮ್ಮ ತಮ್ಮ ಸ್ಥಾಯಿಯಲ್ಲಿ ಹಾಡಬಲ್ಲರು. ತಂಡದ ಒಬ್ಬ ಗಾಯಕಿಯ ದನಿ ಮೇಲೆ ಎಷ್ಟು ಹೋಗುತ್ತದೆ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ.

5. ಚಹಾ (15 ನಿಮಿಷ). ಗಿರ್ಮಿಟ್ ಇರಲಿ, ಮಿರ್ಚಿ ಭಜಿಯನ್ನು ಹಾಡು ಮುಗಿದ ಮೇಲೆ ಕೊಡಿ. ಎಣ್ಣೆ ಖಾರ ತಿಂದ ಗಂಟಲಿನಿಂದ ಮುಂದಿನ ಒಂದು ಗಂಟೆ ಹಾಡುವುದು ಕಷ್ಟ.

6. ನುಡಿಗಳು (30 ನಿಮಿಷ). ಎಲ್ಲರನ್ನೂ ಮೂರು ಗುಂಪು ಮಾಡಿ. ಪ್ರತಿ ಗುಂಪಿನಲ್ಲೂ ಒಬ್ಬ ಹಿರಿಯರು, ಒಬ್ಬ ಬರೆಯುವವರು, ಸ್ವರ ಹಿಡಿಯಬಲ್ಲವರು ಒಬ್ಬರು. ಒಂದೊಂದು ಗುಂಪಿಗೆ ಒಂದೊಂದು ನುಡಿ, ಕೆಲಸ ಬೇರೆ ಬೇರೆ. ಮೊದಲ ನುಡಿ ಕಣ್ಣಿಗೆ ಕಂಡದ್ದನ್ನು ಹೇಳಲಿ, ಎರಡನೆಯದು ಬೇಡಲಿ, ಮೂರನೆಯದು ಸ್ತುತಿಸಲಿ. ಹೀಗೆ ಹಂಚದಿದ್ದರೆ ಮೂರೂ ಗುಂಪು ಒಂದೇ ನುಡಿ ಬರೆದು ತರುತ್ತವೆ.

7. ಸಭಾಪಾಲಕರ ಓದು (15 ನಿಮಿಷ). ಈಗ ಅವರು ಸಾಲು ಸಾಲಾಗಿ ನೋಡಲಿ. ವೇದಕ್ಕೆ ವಿರುದ್ಧವಾದ ಮಾತಿದೆಯೇ, ದೇವರನ್ನು ಒಂದು ಕಡೆ ‘ನೀನು’ ಎಂದು ಕರೆದು ಇನ್ನೊಂದು ಕಡೆ ‘ಆತನು’ ಎಂದು ಜಾರಿದ್ದೀರಾ ಎಂಬುದನ್ನು ಅವರು ಹೇಳಲಿ. ತಿದ್ದುವ ಪದವನ್ನು ಮಾತ್ರ ಕಟ್ಟಿದವರೇ ಹುಡುಕಲಿ, ಮಾತ್ರೆ ಕೆಡದಂತೆ.

8. ಕೂಡಿ ಹಾಡಿ ರೆಕಾರ್ಡ್ ಮಾಡುವುದು (20 ನಿಮಿಷ). ಮೂರು ಸಲ ಹಾಡಿ. ಮೂರನೆಯ ಸಲ ವಾದ್ಯ ನಿಲ್ಲಿಸಿ, ಚಪ್ಪಾಳೆಯ ಮೇಲೆ ಮಾತ್ರ ಹಾಡಿ. ವಾದ್ಯವಿಲ್ಲದೆ ನಿಂತರೆ ಹಾಡು ಗಟ್ಟಿ. ರೆಕಾರ್ಡ್ ಮಾಡುವಾಗ ಮೊದಲು ದಿನಾಂಕ, ಸಾ, ರಾಗ, ತಾಳವನ್ನು ಬಾಯಲ್ಲಿ ಹೇಳಿ. ಹಲಗೆಯ ಫೋಟೋ ತೆಗೆಯುವ ಮುಂಚೆ ಅಳಿಸಬೇಡಿ, ಉಳಿದುಹೋದ ಒಳ್ಳೆಯ ಸಾಲುಗಳು ಮುಂದಿನ ಹಾಡಿಗೆ ಬೇಕಾಗುತ್ತವೆ.

ಮತ್ತೆ ಮತ್ತೆ ಆಗುವ ತಪ್ಪುಗಳು

ಎಲ್ಲಕ್ಕಿಂತ ದೊಡ್ಡ ತಪ್ಪು, ಒಬ್ಬರು ಮನೆಯಲ್ಲೇ ಮುಕ್ಕಾಲು ಹಾಡು ಬರೆದು ತಂದು ‘ಇದಕ್ಕೆ ಸ್ವಲ್ಪ ಸೇರಿಸೋಣ’ ಎನ್ನುವುದು. ಉಳಿದವರು ಮರ್ಯಾದೆಗೆ ತಲೆಯಾಡಿಸುತ್ತಾರೆ, ಸಂಜೆ ಅಲ್ಲಿಗೆ ಮುಗಿಯಿತು. ಬರೆಯುವ ವರ ಇರುವವರು ಆ ಸಂಜೆ ಬರೆದದ್ದನ್ನು ಮನೆಯಲ್ಲೇ ಬಿಟ್ಟು ಬರಲಿ. ಅವರ ಕೌಶಲ ಎರಡನೆಯ ಅರ್ಧದಲ್ಲಿ, ಮಾತ್ರೆ ತಿದ್ದುವಾಗ, ನಿಜವಾಗಿ ಬೇಕಾಗುತ್ತದೆ.

ಇನ್ನೊಂದು, ಮಾತಿನ ನಾಚಿಕೆ. ‘ಮಳಿ’ ಎಂದು ಬರೆದರೆ ಹಳ್ಳಿ ಹಾಡಿನಂತಾಗುತ್ತದೆ, ‘ವೃಷ್ಟಿ’ ಎನ್ನೋಣ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಸಾಧನಕೇರಿಯಲ್ಲಿ ಕೂತು ಧಾರವಾಡದ ಮನೆಮಾತಿನಲ್ಲಿ ಬೇಂದ್ರೆಯವರು ಬರೆದ ಮೇಲೂ ನಮಗೆ ಈ ಅಂಜಿಕೆ ಇರಬಾರದು. ದೇವರ ಮುಂದೆ ಅಳುವಾಗ ನಾವು ಯಾವ ಮಾತಿನಲ್ಲಿ ಅಳುತ್ತೇವೋ ಅದರಲ್ಲಿ ಹಾಡುವುದು ಅಗೌರವವಲ್ಲ. ಪುಸ್ತಕದ ಕನ್ನಡದಲ್ಲೇ ಕಟ್ಟಬೇಕೆಂದು ಸಭೆ ಬಯಸಿದರೆ ಅದೂ ಸರಿಯೇ. ಆದರೆ ಒಂದೇ ನುಡಿಯಲ್ಲಿ ‘ಮನ್ಯಾಗ’ ಮತ್ತು ‘ಗೃಹದಲ್ಲಿ’ ಎರಡನ್ನೂ ಬೆರೆಸಬೇಡಿ.

ಹಾಡು ಉದ್ದವಾಗುವುದು ಮೂರನೆಯ ತಪ್ಪು. ಗುಂಪು ಐದಾದರೆ ನುಡಿ ಐದಾಗುತ್ತದೆ, ಯಾರ ನುಡಿ ಬಿಡುವುದೆಂಬ ಸಂಕೋಚಕ್ಕೆ ಎಲ್ಲವೂ ಉಳಿಯುತ್ತವೆ. ಮೂರೇ ನುಡಿ ಎಂದು ಮೊದಲೇ ಹೇಳಿಬಿಡಿ.

ಸಿನಿಮಾ ಹಾಡಿನ ಧಾಟಿ ತಿಳಿಯದೆ ನುಸುಳುತ್ತದೆ. ‘ಇದನ್ನ ಎಲ್ಲೋ ಕೇಳೇನಿ’ ಎಂದು ಇಬ್ಬರಿಗೆ ಅನ್ನಿಸಿದರೆ ರಾಗದ ಮೊದಲ ಸಾಲನ್ನು ಬಿಟ್ಟು ಮತ್ತೆ ಹುಡುಕಿ.

ಹಕ್ಕಿನ ಎಚ್ಚರಿಕೆ

ನಾವು ನಾವೇ, ಇದಕ್ಕೆಲ್ಲ ಕಾಗದ ಯಾಕೆ ಎನ್ನಬೇಡಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಾಡಿನ ಸಾಹಿತ್ಯ ಒಂದು ಕೃತಿ, ಸಂಗೀತ ಇನ್ನೊಂದು ಕೃತಿ. ಯಾರ ಪಾಲು ಎಷ್ಟೆಂದು ಬಿಡಿಸಲಾಗದಂತೆ ಕೂಡಿ ರಚಿಸಿದ್ದು ಜಂಟಿ ಕರ್ತೃತ್ವದ ಕೃತಿಯಾಗುತ್ತದೆ, ಹಕ್ಕು ಎಲ್ಲರದೂ ಆಗಿರುತ್ತದೆ. ಕೊನೆಯವರೆಗೆ ಬದುಕಿದ್ದ ಕರ್ತೃ ತೀರಿಕೊಂಡ ಮೇಲೆ ಇನ್ನೂ 60 ವರ್ಷ ಆ ಹಕ್ಕು ಉಳಿಯುತ್ತದೆ. ನಾಳೆ ತಂಡದ ಒಬ್ಬರು ಅದನ್ನು ಯೂಟ್ಯೂಬಿಗೆ ತಮ್ಮ ಹೆಸರಿನಲ್ಲಿ ಹಾಕಿದರೆ ಸಭೆಯೊಳಗೆ ಮನಸ್ತಾಪ ಖಂಡಿತ. ಆದ್ದರಿಂದ ಆ ಸಂಜೆಯೇ ಒಂದು ಹಾಳೆಯಲ್ಲಿ ಕೂಡಿದ್ದವರ ಹೆಸರು, ದಿನಾಂಕ, ‘ಹಾಡನ್ನು ಸಭೆ ಬಳಸಬಹುದು, ರೆಕಾರ್ಡ್ ಮಾಡಿ ಹೊರಗೆ ಹಾಕುವ ಮುಂಚೆ ಎಲ್ಲರ ಒಪ್ಪಿಗೆ ಬೇಕು’ ಎಂಬ ಒಂದು ಮಾತು ಬರೆದು ಸಹಿ ಹಾಕಿ. ಕೃತಿಸ್ವಾಮ್ಯಕ್ಕೆ ನೋಂದಣಿ ಕಡ್ಡಾಯವಲ್ಲ.

ಬೇರೆಯವರ ಹಾಡನ್ನು ಆರಾಧನೆಯ ಅಂಗವಾಗಿ ಹಾಡುವುದಕ್ಕೆ ಇದೇ ಕಾಯ್ದೆಯ 52ನೆಯ ಕಲಮಿನಲ್ಲಿ ವಿನಾಯಿತಿ ಇದೆ. ಅದನ್ನು ಮುದ್ರಿಸಿ ಮಾರಲು, ರೆಕಾರ್ಡ್ ಮಾಡಿ ಹಂಚಲು ಆ ವಿನಾಯಿತಿ ಸಿಗುವುದಿಲ್ಲ. ಸತ್ಯವೇದದ ಹೊಸ ಅನುವಾದಗಳ ವಾಕ್ಯಗಳಿಗೂ ಹಕ್ಕು ಇರುತ್ತದೆ. ಅವನ್ನು ಹಾಗೆಯೇ ಎತ್ತಿಕೊಳ್ಳದೆ ನಿಮ್ಮ ಮಾತಿನಲ್ಲಿ ಹೇಳಿ. ಹಾಡಿಗೂ ಅದೇ ಒಳ್ಳೆಯದು.

ಸಭೆಗೆ ಒಪ್ಪಿಸುವುದು

ಮರುದಿನವೇ ಹಾಡಿಸಬೇಡಿ. ವಾರ ಬಿಟ್ಟು ತಂಡ ಮತ್ತೆ ಕೂತು ಕೇಳಲಿ. ಆಗ ತಾನೇ ಕಟ್ಟಿದ ಹಾಡು ಎಲ್ಲರಿಗೂ ಚೆಂದ, ವಾರದ ಮೇಲೆ ಎಡವುವ ಸಾಲು ತಾನಾಗಿ ಕಾಣುತ್ತದೆ. ಆ ಸಂಜೆ ಇರದಿದ್ದ ಒಬ್ಬರಿಗೆ ಎರಡು ಸಲ ಹಾಡಿ ತೋರಿಸಿ, ಮೂರನೆಯ ಸಲ ಅವರು ಪಲ್ಲವಿಯನ್ನು ಕಾಗದವಿಲ್ಲದೆ ಹಾಡಿದರೆ ಹಾಡು ಸಿದ್ಧ. ಹಾಡಲಾಗದಿದ್ದರೆ ಅವರು ಎಲ್ಲಿ ತಡೆದರು ಎಂದು ನೋಡಿ ಅಲ್ಲಿ ತಿದ್ದಿ.

ಆರಾಧನೆಯಲ್ಲಿ ಪರದೆಗಿಂತ ಮೊದಲು ಕಿವಿಗೆ ಕೊಡಿ. ಒಬ್ಬರು ಸಾಲು ಹೇಳಿ, ಸಭೆ ಅದನ್ನು ಮರಳಿ ಹಾಡಲಿ. ಮೊದಲ ವಾರ ಪಲ್ಲವಿ ಮಾತ್ರ ಸಭೆಯದು, ನುಡಿ ತಂಡದ್ದು. ಎರಡನೆಯ ವಾರ ಒಂದು ನುಡಿ. ನಾಲ್ಕು ವಾರ ಇದೇ ಹಾಡು ಬರಲಿ, ಆ ತಿಂಗಳು ಬೇರೆ ಹೊಸ ಹಾಡು ತರಬೇಡಿ. ಕಟ್ಟಿದವರು ಮುಂದೆ ನಿಲ್ಲದೆ ಬೆಂಚುಗಳ ನಡುವೆ ಹರಡಿ ಕೂತರೆ ಸುತ್ತಲಿನವರು ಬೇಗ ಹಿಡಿಯುತ್ತಾರೆ. ನಾಲ್ಕು ವಾರದ ಮೇಲೂ ಹಾಡು ಹತ್ತದಿದ್ದರೆ ಬಿಟ್ಟುಬಿಡಿ, ಒತ್ತಾಯ ಬೇಡ. ಹಲಗೆಯ ಫೋಟೋ ನಿಮ್ಮ ಬಳಿ ಇದೆ, ಮತ್ತೊಂದು ಕಟ್ಟಬಹುದು.

ಮಳೆಗಾಲದಲ್ಲಿ ಮೊದಲ ಸಂಜೆ ಇಟ್ಟುಕೊಂಡರೆ ಸುಗ್ಗಿಯ ಸ್ತೋತ್ರಾರಾಧನೆಗೆ ನಿಮ್ಮದೇ ಹಾಡು ಸಿದ್ಧವಿರುತ್ತದೆ. ಈ ಭಾನುವಾರ ಸಭಾಪಾಲಕರನ್ನು ಕಂಡು ದಿನ ಗೊತ್ತು ಮಾಡಿಕೊಳ್ಳಿ. ಮೊದಲ ಕರೆ ಕೀಬೋರ್ಡಿನವರಿಗೆ ಬೇಡ, ಹಿಂದಿನ ಬೆಂಚಿನಲ್ಲಿ ಕೂರುವ, ಬೀಸುವ ಪದ ಬಲ್ಲ ಆ ಹಿರಿಯ ತಾಯಿಗೆ ಹೋಗಲಿ.